ತೋಟದ ದೊರೆಗಳು: ಡೆಮೆರಾರದಿಂದ ಮಂಜರಾಬಾದಿಗೆ

‘ತೋಟ’ ಎಂಬುದು ನಮ್ಮ ನುಡಿಯ ಹಳೆಯ ಮಾತು. ಆದರೆ ಸೀಮೆ ಬದಲಾದಂತೆ ಅದರ ಅರ್ಥವೂ ಬದಲಾಗುತ್ತದೆ. ಅಥಣಿಯ ಕಡೆ, ಐಗಳಿಯಂತಹ ಊರಿನ ಒಕ್ಕಲಿಗನು ‘ನಾವು ತೋಟದಾಗ ಇರ್ತೀವಿ’ ಎಂದರೆ, ಬಾವಿಯ ನೀರು ಹರಿಯುವ ತನ್ನ ಹೊಲ, ಅದರಲ್ಲಿ ತನ್ನ ಮನೆ, ಮನೆಯ ಮುಂದೆ ತನ್ನ ದನಕರು ಎಂದು ತಿಳಿಯಬೇಕು. ಮಲೆನಾಡಿನ ಹೆಗ್ಗಡೆಗೆ ತೋಟವೆಂದರೆ ಕಣಿವೆಯ ಅಡಕೆ. ಈ ಎರಡು ತೋಟಗಳಲ್ಲಿಯೂ ಒಡೆಯನು ಗಿಡದ ನೆರಳಿನಲ್ಲಿಯೇ ಬಾಳುತ್ತಾನೆ. ಕಳೆದ ಶತಮಾನಗಳಲ್ಲಿ ಮೂರನೆಯ ಬಗೆಯ ತೋಟವೊಂದು ಹುಟ್ಟಿತು. ಅದರ ಒಡೆಯನು ಹಡಗಿನಲ್ಲಿ ಬಂದವನು, ಅಥವಾ ಎಂದೂ ಬಾರದವನು. ಅದರ ಫಲವನ್ನು ತಿನ್ನುವವರು ಸಾವಿರಾರು ಮೈಲಿಗಳಾಚೆಯ ಜನ. ಅದರಲ್ಲಿ ದುಡಿಯುವವರಿಗೆ ಬಿಟ್ಟುಹೋಗುವ ಸ್ವಾತಂತ್ರ್ಯ ಇದ್ದರೂ ಅಲ್ಪ, ಇಲ್ಲದಿರುವುದೇ ವಾಡಿಕೆ. ಇಂಥ ತೋಟದ ಒಡೆಯನನ್ನು ನಮ್ಮ ಕಾಫಿ ಸೀಮೆಯ ಜನ ‘ದೊರೆ’ ಎಂದರು. ಆ ಒಂದು ಮಾತಿನಲ್ಲಿ ಭೂಮಿಯ ಒಡೆತನವೂ ಜನರ ಮೇಲಣ ಅಧಿಕಾರವೂ ಸೇರಿಕೊಂಡಿವೆ.

ಈ ದೊರೆತನವು ಎಲ್ಲಿ ಬೆಳೆಯಿತು, ನಮ್ಮ ಘಟ್ಟಗಳಿಗೆ ಬಂದಾಗ ಯಾವ ರೂಪವನ್ನು ತಾಳಿತು, ಇಲ್ಲಿ ಏನನ್ನು ಕಲಿತು ಏನನ್ನು ಬಿಟ್ಟುಹೋಯಿತು ಎಂಬುದೇ ನಮ್ಮ ಇಂದಿನ ವಿಚಾರ. ಅದಕ್ಕಾಗಿ ಮೊದಲು ಕೆರಿಬಿಯನ್ ಕಡಲಿನ ಸೀಮೆಯ ಒಂದು ಮನೆತನವನ್ನು ನೋಡಿ, ಅನಂತರ ನಮ್ಮ ಮಂಜರಾಬಾದಿಗೂ ಕೊಡಗಿಗೂ ಬರೋಣ.

ಜಾನ್ ಗ್ಲಾಡ್‌ಸ್ಟನ್ ಎಂಬಾತನು ೧೭೬೪ರಲ್ಲಿ ಸ್ಕಾಟ್ಲೆಂಡಿನ ಲೀತ್ ಎಂಬ ರೇವುಪಟ್ಟಣದಲ್ಲಿ ಹುಟ್ಟಿದನು. ತಂದೆ ಧಾನ್ಯದ ವ್ಯಾಪಾರಿ. ಮಗನು ಲಿವರ್‌ಪೂಲ್ ನಗರಕ್ಕೆ ಹೋಗಿ, ಧಾನ್ಯದಿಂದ ಮೊದಲುಮಾಡಿ, ಹಡಗು, ಹತ್ತಿ, ಸಕ್ಕರೆಗಳವರೆಗೆ ವ್ಯವಹಾರವನ್ನು ಬೆಳೆಸಿ, ದಕ್ಷಿಣ ಅಮೆರಿಕದ ತೀರದ ಡೆಮೆರಾರ ಸೀಮೆಯಲ್ಲಿ ಕಬ್ಬಿನ ತೋಟಗಳನ್ನು ಸಂಪಾದಿಸಿದನು. ಆತನಿಗೆ ನಾಲ್ವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಕಡೆಯ ಮಗನಾದ ವಿಲಿಯಂ ಈವರ್ಟ್ ಗ್ಲಾಡ್‌ಸ್ಟನ್ ಮುಂದೆ ನಾಲ್ಕು ಬಾರಿ ಇಂಗ್ಲೆಂಡಿನ ಪ್ರಧಾನಮಂತ್ರಿಯಾದುದು ಲೋಕಕ್ಕೆ ತಿಳಿದ ಸಂಗತಿ. ತಂದೆಯು ತನ್ನ ತೋಟಗಳನ್ನು ಒಮ್ಮೆಯೂ ಕಣ್ಣಾರೆ ಕಾಣಲಿಲ್ಲ. ಅವನ್ನು ನೋಡಿಕೊಂಡವರು ಗುಮಾಸ್ತರು ಮತ್ತು ಮೇಲ್ವಿಚಾರಕರು. ಲಿವರ್‌ಪೂಲಿಗೆ ಬಂದು ಸೇರುತ್ತಿದ್ದುದು ಸಕ್ಕರೆ ಮತ್ತು ಲೆಕ್ಕದ ಪುಸ್ತಕ.

ಆ ತೋಟಗಳಲ್ಲಿ ದುಡಿದವರು ಆಫ್ರಿಕದಿಂದ ಕೊಂಡು ತಂದ ಗುಲಾಮರು ಮತ್ತು ಅವರ ಮಕ್ಕಳು. ೧೮೨೩ನೆಯ ಆಗಸ್ಟಿನಲ್ಲಿ, ಇಂಗ್ಲೆಂಡು ತಮಗೆ ಬಿಡುಗಡೆಯನ್ನು ಕೊಟ್ಟಿದೆ, ಒಡೆಯರು ಅದನ್ನು ಬಚ್ಚಿಟ್ಟಿದ್ದಾರೆ ಎಂಬ ಸುದ್ದಿ ಹಬ್ಬಿ, ಡೆಮೆರಾರದಲ್ಲಿ ಸುಮಾರು ಹತ್ತು ಸಾವಿರ ಮಂದಿ ಗುಲಾಮರು ಎದ್ದರು. ಆ ದಂಗೆಯ ಬೇರು ಇದ್ದುದು ಗ್ಲಾಡ್‌ಸ್ಟನ್ನನ ‘ಸಕ್ಸೆಸ್’ ಎಂಬ ತೋಟದಲ್ಲಿ. ಮುಂದಾಳುಗಳಲ್ಲಿ ಒಬ್ಬನ ಹೆಸರು ಜಾಕ್ ಗ್ಲಾಡ್‌ಸ್ಟನ್. ಒಡೆಯನ ಮನೆತನದ ಹೆಸರನ್ನೇ ಹೊತ್ತ ಗುಲಾಮ! ಆತನ ತಂದೆ ಕ್ವಾಮಿನ ಎಂಬ ಬಡಗಿ, ಪ್ರಾರ್ಥನಾಮಂದಿರದ ಹಿರಿಯ. ರಕ್ತ ಹರಿಸಬಾರದೆಂದು ಬುದ್ಧಿ ಹೇಳಿದವನೂ ಅವನೇ. ಸೈನ್ಯವು ಕ್ವಾಮಿನನನ್ನು ಕೊಂದು, ಅವನ ಹೆಣವನ್ನು ಸರಪಳಿಯಲ್ಲಿ ಕಟ್ಟಿ, ಅದೇ ತೋಟದ ಮುಂದೆ ತೂಗುಹಾಕಿತು. ಜಾಕನನ್ನು ಬೇರೊಂದು ದ್ವೀಪಕ್ಕೆ ಗಡೀಪಾರು ಮಾಡಿದರು. ಗುಲಾಮರಿಗೆ ಓದು ಕಲಿಸುತ್ತಿದ್ದ ಜಾನ್ ಸ್ಮಿತ್ ಎಂಬ ಪಾದ್ರಿಗೆ ಮರಣದಂಡನೆಯಾಯಿತು. ಅದು ನಡೆಯುವ ಮುನ್ನವೇ, ೧೮೨೪ರಲ್ಲಿ, ಆತನು ಸೆರೆಮನೆಯಲ್ಲಿ ತೀರಿಕೊಂಡನು. ಒಂದು ಮನೆತನದ ಚರಿತ್ರೆಯನ್ನು ಬರೆಯುವವರು ಹೆಸರಿನ ಜಾಡನ್ನು ಹಿಡಿದು ಹೊರಟರೆ, ಪ್ರಧಾನಿಯಾದ ಗ್ಲಾಡ್‌ಸ್ಟನ್ನನಷ್ಟೇ ಗಡೀಪಾರಾದ ಗ್ಲಾಡ್‌ಸ್ಟನ್ನನನ್ನೂ ಕಾಣಬೇಕಾಗುತ್ತದೆ.

೧೮೩೩ರಲ್ಲಿ ಗುಲಾಮಗಿರಿಯನ್ನು ನಿಲ್ಲಿಸುವ ಶಾಸನವಾಯಿತು. ೧೮೩೪ನೆಯ ಆಗಸ್ಟ್ ಒಂದರಿಂದ ಅದು ಜಾರಿಗೆ ಬಂದಿತು. ಆಗ ಪರಿಹಾರವೆಂದು ಇಂಗ್ಲೆಂಡಿನ ಬೊಕ್ಕಸವು ೨ ಕೋಟಿ ಪೌಂಡುಗಳನ್ನು ಕೊಟ್ಟಿತು. ಕೊಟ್ಟುದು ಗುಲಾಮರಿಗಲ್ಲ, ಒಡೆಯರಿಗೆ. ಜಾನ್ ಗ್ಲಾಡ್‌ಸ್ಟನ್ನನಿಗೆ ೨,೫೦೮ ಮಂದಿಯ ಬಾಬ್ತು ೧,೦೬,೭೬೯ ಪೌಂಡುಗಳು ಸಂದುವು. ಬಿಡುಗಡೆಯಾದವರಿಗಾದರೋ, ‘ಶಿಷ್ಯವೃತ್ತಿ’ ಎಂಬ ಸಭ್ಯವಾದ ಹೆಸರಿನಲ್ಲಿ ೧೮೩೮ರವರೆಗೆ ಹಳೆಯ ಒಡೆಯನಲ್ಲಿಯೇ ಬಿಟ್ಟಿಯ ದುಡಿಮೆ ಉಳಿಯಿತು. ಮಗ ವಿಲಿಯಂ ೧೮೩೩ರಲ್ಲಿ ಪಾರ್ಲಿಮೆಂಟಿನಲ್ಲಿ ಈ ವಿಷಯವಾಗಿ ಮಾತನಾಡಿದಾಗ ಅದು ತಂದೆಯ ತೋಟದ ಸಮರ್ಥನೆಯಾಗಿದ್ದಿತು.

ಇಲ್ಲಿಂದ ಮುಂದಿನ ಕಥೆಗೆ ನಮ್ಮ ದೇಶವೂ ಪಾತ್ರವಾಗುತ್ತದೆ. ಗುಲಾಮರು ಕೈಬಿಟ್ಟುಹೋಗುವ ದಿನ ಹತ್ತಿರವಾಗಲು, ೧೮೩೬ನೆಯ ಜನವರಿಯಲ್ಲಿ ಗ್ಲಾಡ್‌ಸ್ಟನ್ನನು ಕಲ್ಕತ್ತೆಯ ಗಿಲ್ಯಾಂಡರ್ಸ್ ಆರ್ಬತ್‌ನಾಟ್ ಕಂಪೆನಿಗೆ ಕಾಗದ ಬರೆದು, ಕೂಲಿಯಾಳುಗಳನ್ನು ಕರಾರಿನ ಮೇಲೆ ಕಳುಹಿಸಬಹುದೇ ಎಂದು ವಿಚಾರಿಸಿದನು. ೧೮೩೮ನೆಯ ಮೇ ತಿಂಗಳಿನಲ್ಲಿ ‘ವಿಟ್ಬಿ’, ‘ಹೆಸ್ಪರಸ್’ ಎಂಬ ಎರಡು ಹಡಗುಗಳು ಸುಮಾರು ನಾಲ್ಕುನೂರು ಮಂದಿ ಹಿಂದೂಸ್ತಾನದವರನ್ನು ಡೆಮೆರಾರದಲ್ಲಿ ಇಳಿಸಿದುವು. ಅವರಲ್ಲಿ ಅನೇಕರು ಛೋಟಾ ನಾಗಪುರದ ಗುಡ್ಡಗಾಡಿನವರು. ಅವರ ಪಾಡನ್ನು ಕೇಳಿ ಇಂಗ್ಲೆಂಡಿನಲ್ಲಿಯೂ ಕಲ್ಕತ್ತೆಯಲ್ಲಿಯೂ ಕೋಲಾಹಲವೆದ್ದು ೧೮೩೯ರಲ್ಲಿ ಈ ಸಾಗಣೆಗೆ ತಡೆ ಬಿದ್ದಿತು. ಕೆಲವು ವರ್ಷಗಳಲ್ಲಿ ತಡೆ ಸಡಿಲಿತು. ೧೯೧೭ರಲ್ಲಿ ನಿಲ್ಲುವುದರೊಳಗೆ, ಬ್ರಿಟಿಷ್ ಗಯಾನ ಒಂದಕ್ಕೇ ಎರಡು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಹೋದರು. ‘ಅಗ್ರಿಮೆಂಟ್’ ಎಂಬ ಇಂಗ್ಲಿಷ್ ಮಾತು ಅವರ ನಾಲಗೆಯಲ್ಲಿ ‘ಗಿರಮಿಟ್’ ಆಯಿತು. ಹೀಗೆ ಸರಪಳಿಯ ಸ್ಥಾನಕ್ಕೆ ಕಾಗದ ಬಂದಿತು.

ಈಗ ನಮ್ಮ ಸೀಮೆಗೆ ಬರೋಣ. ಕಾಫಿಯ ಬೀಜವು ಬಾಬಾ ಬುಡನ್ ಎಂಬ ಸಂತರ ಕೈಯಿಂದ ಚಂದ್ರದ್ರೋಣ ಪರ್ವತಕ್ಕೆ ಬಂದಿತೆಂಬ ಐತಿಹ್ಯವನ್ನು ಎಲ್ಲರೂ ಕೇಳಿದ್ದೇವೆ. ಬಹುಕಾಲ ಅದು ಮನೆಯ ಹಿತ್ತಿಲಿನ ಗಿಡವಾಗಿಯೇ ಇದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲೇಯರು ಒಬ್ಬೊಬ್ಬರಾಗಿ ಬಂದರು. ಬಾಬಾ ಬುಡನ್ ಗಿರಿಯ ಮಗ್ಗುಲಲ್ಲಿ ಕ್ಯಾನನ್, ೧೮೪೩ರಲ್ಲಿ ದಕ್ಷಿಣ ಮಂಜರಾಬಾದಿನಲ್ಲಿ ಗ್ರೀನ್, ೧೮೫೪ರಲ್ಲಿ ಮಡಿಕೇರಿಯ ಬಳಿ ಫೌಲರ್. ಆಗ ಮೈಸೂರು ಆಂಗ್ಲ ಕಮಿಷನರುಗಳ ಆಳ್ವಿಕೆಯಲ್ಲಿದ್ದಿತು. ಸರ್ ಮಾರ್ಕ್ ಕಬ್ಬನ್ನರು ೧೮೩೪ರಿಂದ ೧೮೬೧ರವರೆಗೆ ಆ ಪೀಠದಲ್ಲಿದ್ದರು.

ಇವರ ಹಿಂದೆಯೇ, ೧೮೫೬ರ ಸುಮಾರಿಗೆ, ಇನ್ನೂ ಇಪ್ಪತ್ತು ತುಂಬದ ತರುಣನೊಬ್ಬನು ಮಂಜರಾಬಾದಿನ ಕಾಡಿಗೆ ಬಂದನು. ಆತನೇ ರಾಬರ್ಟ್ ಹೆನ್ರಿ ಎಲಿಯಟ್. ೧೮೩೭ರಲ್ಲಿ ಹುಟ್ಟಿದವನು, ಸ್ಕಾಟ್ಲೆಂಡಿನ ಗಡಿಸೀಮೆಯ ಕೆಲ್ಸೊ ಪಟ್ಟಣದ ಬಳಿಯ ಕ್ಲಿಫ್ಟನ್ ಪಾರ್ಕ್ ಮನೆತನದವನು. ಸಕಲೇಶಪುರದ ಸೀಮೆಯಲ್ಲಿ ತೋಟವನ್ನು ಕಟ್ಟಿದನು. ಗ್ಲಾಡ್‌ಸ್ಟನ್ನನಂತೆ ಈತನು ಲೆಕ್ಕದ ಪುಸ್ತಕದ ಒಡೆಯನಲ್ಲ. ಕಾಡಿನಲ್ಲಿ ಬಾಳಿ, ಹುಲಿಬೇಟೆಯಾಡಿ, ಗೌಡರೊಡನೆ ಬೆರೆತು, ಮಳೆ ಮಣ್ಣುಗಳನ್ನು ಅರಿತು ಬರೆದವನು. ೧೮೭೧ರಲ್ಲಿ ಮೈಸೂರಿನ ಕಾಡುಗಳಲ್ಲಿ ತೋಟಗಾರನ ಅನುಭವಗಳನ್ನು ಕುರಿತ ಗ್ರಂಥವನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದನು. ೧೮೯೪ರಲ್ಲಿ ಚಿನ್ನ, ಬೇಟೆ, ಕಾಫಿ ಎಂಬ ಮೂರು ವಿಷಯಗಳನ್ನು ಹೆಸರಿನಲ್ಲಿಯೇ ಹೊತ್ತ ಮತ್ತೊಂದು ಗ್ರಂಥ ಹೊರಟಿತು. ಅದು ಮೂವತ್ತೆಂಟು ವರ್ಷಗಳ ಅನುಭವದ ಸಾರವೆಂದು ಮುಖಪುಟವೇ ಹೇಳುತ್ತದೆ.

ಈ ಮೂವತ್ತೆಂಟು ವರ್ಷಗಳು ಕಾಫಿಗೆ ಅಗ್ನಿಪರೀಕ್ಷೆಯ ಕಾಲ. ಮೊದಲು ಬಂದ ದೊರೆಗಳು ಕಾಡನ್ನು ಬುಡಸಹಿತ ಕಡಿದು, ಸುಟ್ಟು, ಬಯಲು ಮಾಡಿ ಗಿಡ ನೆಟ್ಟರು. ಬಿಸಿಲು ಹೆಚ್ಚಿದಂತೆ ಕಾಂಡವನ್ನು ಕೊರೆಯುವ ಹುಳು ಹಬ್ಬಿತು. ‘ಚಿಕ್’ ಎಂಬ ಹಳೆಯ ತಳಿ ನೆಲಕಚ್ಚಿತು. ಮದರಾಸು ಸರಕಾರವು ಕಳುಹಿಸಿದ ಡಾಕ್ಟರ್ ಬಿಡಿ ಅವರು ತೋಟಗಳನ್ನು ಸುತ್ತಿ ನೋಡಿ ೧೮೬೯ರಲ್ಲಿ ವರದಿ ಬರೆದು, ನೆರಳೇ ಮದ್ದೆಂದು ಸೂಚಿಸಿದರು. ಅದೇ ೧೮೬೯ರಲ್ಲಿ ಸಿಂಹಳದಲ್ಲಿ ಎಲೆಯ ತುಕ್ಕುರೋಗ ಕಾಣಿಸಿಕೊಂಡಿತು. ಇಪ್ಪತ್ತು ವರ್ಷಗಳೊಳಗೆ ಅಲ್ಲಿಯ ಕಾಫಿ ಉದ್ಯಮವೇ ಅಳಿದು, ಆ ಬೆಟ್ಟಗಳಲ್ಲಿ ಚಹಾ ನಿಂತಿತು. ಮೈಸೂರಿನ ಕಾಫಿ ಮಾತ್ರ ಉಳಿಯಿತು. ಕೊಡಗಿನ ತಳಿ ‘ಚಿಕ್’ ಗಿಡದ ಸ್ಥಾನಕ್ಕೆ ಬಂದಿತು. ನೆರಳಿನ ಬೇಸಾಯ ನೆಲೆಗೊಂಡಿತು.

ನೆರಳಿನ ಪಾಠವನ್ನು ಎಲಿಯಟ್ಟನು ತನ್ನ ಗ್ರಂಥದಲ್ಲಿ ದೀರ್ಘವಾಗಿ ಹೇಳುತ್ತಾನೆ. ಯಾವ ಮರದ ಕೆಳಗೆ ಕಾಫಿ ಬಾಳುತ್ತದೆ, ಯಾವುದರ ಕೆಳಗೆ ಸೊರಗುತ್ತದೆ ಎಂದು ಅವನು ಮರಗಳನ್ನು ಎಣಿಸುವಾಗ ಗೋಣಿ, ಬಸರಿ, ಅತ್ತಿ ಮೊದಲಾದ ನಮ್ಮ ಹೆಸರುಗಳೇ ಬರುತ್ತವೆ. ಇದು ಸಣ್ಣ ಸಂಗತಿಯಲ್ಲ. ಆ ಹೆಸರುಗಳನ್ನು ಅವನಿಗೆ ಹೇಳಿಕೊಟ್ಟವರು ಯಾರು? ಕಾಡಿನ ಮರವನ್ನು ಎಲೆಯಿಂದ, ತೊಗಟೆಯಿಂದ, ಹಾಲಿನಿಂದ ಗುರುತಿಸಬಲ್ಲ ಊರಿನ ಗೌಡನೂ ಕೂಲಿಯವನೂ ಅಲ್ಲವೆ? ಗ್ರಂಥದ ಮೇಲೆ ದೊರೆಯ ಹೆಸರು ಉಳಿಯಿತು. ಮರದ ಹೆಸರಿನಲ್ಲಿ ಆ ಜನ ಉಳಿದಿದ್ದಾರೆ.

ಎಲಿಯಟ್ಟನ ರಾಜಕೀಯ ದೃಷ್ಟಿಯೂ ಮಿಶ್ರವಾದುದು. ದಿವಾನ್ ರಂಗಾಚಾರ್ಲು ಅವರು ೧೮೮೧ರಲ್ಲಿ ಸ್ಥಾಪಿಸಿದ ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಅವನು ಮೆಚ್ಚಿ, ಅದಕ್ಕೆಂದು ಅಧ್ಯಾಯವನ್ನೇ ಮೀಸಲಿಟ್ಟನು. ಕಾಂಗ್ರೆಸ್ಸನ್ನು ಮಾತ್ರ ಒಪ್ಪಲಿಲ್ಲ. ಜಾತಿಯ ಕಟ್ಟು ಹಳ್ಳಿಯ ಜನಕ್ಕೆ ಒಳಿತೆಂದು ವಾದಿಸಿದನು. ತೋಟದ ಮಾಲೀಕನಿಗೆ ಕಟ್ಟಿನೊಳಗಿನ ಸಮಾಜವೇ ಹಿತವೆಂದು ತೋರಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಕಟ್ಟಿನ ಕೆಳಗೆ ಇದ್ದವರನ್ನು ಕೇಳಿದ್ದರೆ ಉತ್ತರ ಬೇರೆಯಾಗುತ್ತಿತ್ತು.

ಈತನ ಬಾಳಿನ ಉತ್ತರಾರ್ಧವು ಇನ್ನೊಂದು ಅಚ್ಚರಿ. ಕ್ಲಿಫ್ಟನ್ ಪಾರ್ಕಿನ ತನ್ನ ಜಮೀನಿನಲ್ಲಿ, ಕೃಷಿಯ ಬೆಲೆ ಕುಸಿದಿದ್ದ ದಿನಗಳಲ್ಲಿ, ಆಳಕ್ಕೆ ಬೇರು ಬಿಡುವ ಚಿಕೋರಿ, ಬರ್ನೆಟ್ ಮೊದಲಾದ ಸಸ್ಯಗಳನ್ನು ಹುಲ್ಲಿನೊಡನೆ ಬಿತ್ತಿ, ಅದರ ಬೇರೂ ಬುಡವೂ ಕೊಳೆತು ಮಣ್ಣಿಗೆ ಸಾರ ತುಂಬುವ ಪದ್ಧತಿಯನ್ನು ರೂಪಿಸಿದನು. ೧೮೯೮ರಲ್ಲಿ ಅದನ್ನು ಕುರಿತು ಬರೆದ ಗ್ರಂಥವು ‘ಕ್ಲಿಫ್ಟನ್ ಪಾರ್ಕ್ ಪದ್ಧತಿ’ ಎಂಬ ಹೆಸರಿನಲ್ಲಿ ೧೯೪೩ರಲ್ಲಿ ಮರುಮುದ್ರಣವಾಗಿ, ಸಾವಯವ ಕೃಷಿಯನ್ನು ಪ್ರತಿಪಾದಿಸುವವರ ಕೈಪಿಡಿಗಳಲ್ಲಿ ಒಂದಾಯಿತು. ಮಲೆನಾಡಿನ ತರಗೆಲೆಯ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದವನಿಗೆ, ನೆಲವು ಗೊಬ್ಬರದ ಚೀಲದಿಂದಲ್ಲ, ಕೊಳೆತ ಸಸ್ಯದಿಂದ ಬಾಳುತ್ತದೆ ಎಂಬ ಅರಿವು ಇಲ್ಲಿಯೇ ಮೂಡಿರಬೇಕೆಂದು ನಮಗೆ ತೋರುತ್ತದೆ. ಎಲಿಯಟ್ಟನು ೧೯೧೪ರಲ್ಲಿ ತೀರಿಕೊಂಡನು.

ದೊರೆಗಳ ಮನೆತನವೆಂಬುದು ಸಾಮಾನ್ಯವಾಗಿ ಎರಡು ಭೂಖಂಡಗಳಲ್ಲಿ ಹರಿದು ಹಂಚಿದ ಮನೆತನ. ಮಕ್ಕಳಿಗೆ ಏಳೆಂಟು ವರ್ಷವಾಗುತ್ತಲೆ ಓದಿಗೆಂದು ಹಡಗು ಹತ್ತಿಸುವುದು ವಾಡಿಕೆ. ತಾಯಿಗೆ ಗಂಡನೊಡನೆ ಇರುವುದೋ ಮಕ್ಕಳೊಡನೆ ಇರುವುದೋ ಎಂಬ ಧರ್ಮಸಂಕಟ. ಇದು ಒಂದು ಬಗೆಯ ದುಃಖವೇ ಸರಿ. ಆದರೆ ಅದೇ ತೋಟದ ಸಾಲುಮನೆಗಳಲ್ಲಿ, ಘಟ್ಟದ ಕೆಳಗಿನಿಂದಲೋ ಬಯಲುಸೀಮೆಯಿಂದಲೋ ಬಂದು, ಊರಿನಲ್ಲಿ ಮುದುಕರನ್ನೂ ಕೂಸುಗಳನ್ನೂ ಬಿಟ್ಟ ಕುಟುಂಬಗಳು ನೂರಾರಿದ್ದುವು. ಆ ಅಗಲಿಕೆಯನ್ನು ಬರೆದಿಡಲು ಅವರಲ್ಲಿ ಲೇಖನಿ ಇರಲಿಲ್ಲ.

ಕೊಡಗಿನ ಕಡೆ ತಿರುಗಿದರೆ ಕಥೆಗೆ ಮತ್ತೊಂದು ಮುಖವಿದೆ. ಕೆರಿಬಿಯನ್ ಗುಲಾಮರಿಗೆ ಕಾಗದದ ಮೇಲೆ ಬಿಡುಗಡೆಯಾದ ೧೮೩೪ರಲ್ಲಿಯೇ ಕಂಪೆನಿ ಸರಕಾರವು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಆ ಕೊಡಗಿನಲ್ಲಿ ಹುಟ್ಟುಜೀತದ ಜನರಿದ್ದರು. ಕೆಲವರು ಭೂಮಿಗೆ ಅಂಟಿದವರು. ಭೂಮಿ ಕೈಬದಲಾದರೆ ಅವರೂ ಬದಲಾಗುವರು. ಕೆಲವರು ಒಕ್ಕಲಿಗೆ ಸೇರಿದವರು. ಒಡೆಯನು ಬಯಸಿದರೆ ಮಾರಲೂಬಹುದು. ಹಿಂದೂಸ್ತಾನದ ಗುಲಾಮಗಿರಿಗೆ ಕಾನೂನಿನ ಮನ್ನಣೆ ತಪ್ಪಿದುದು ೧೮೪೩ರ ಐದನೆಯ ಶಾಸನದಿಂದ. ಅದಕ್ಕಾಗಿ ಒಡೆಯರಿಗೆ ಇಲ್ಲಿ ಯಾರೂ ಕೋಟಿ ಸುರಿಯಲಿಲ್ಲ. ಜೀತದವರಿಗೂ ಅಂಗೈಯಗಲ ನೆಲ ದೊರೆಯಲಿಲ್ಲ. ನ್ಯಾಯಾಲಯವು ಗುಲಾಮಗಿರಿಯನ್ನು ಒಪ್ಪದಾಯಿತು. ಹೊಟ್ಟೆ ಮಾತ್ರ ಒಪ್ಪುತ್ತಲೇ ಇದ್ದಿತು.

ಇಲ್ಲಿ ನೆನೆಯಬೇಕಾದ ತೋಟಗಾರನು ಆನಂದರಾವ್ ಕೌಂಡಿನ್ಯ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದವನು. ಮೊದಲ ಕನ್ನಡ ಪತ್ರಿಕೆಯಾದ ‘ಮಂಗಳೂರು ಸಮಾಚಾರ’ವನ್ನು ೧೮೪೩ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗರ ಶಿಷ್ಯ. ೧೮೪೪ರಲ್ಲಿ ಕ್ರೈಸ್ತಮತವನ್ನು ಸೇರಿ, ಗುರುವಿನ ಹೆಸರನ್ನೂ ತನ್ನ ಹೆಸರಿನೊಡನೆ ಧರಿಸಿ, ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಓದಿ, ೧೮೫೧ರಲ್ಲಿ ಪಾದ್ರಿಯಾಗಿ ಮರಳಿದನು. ಎರಡನೆಯ ವಿವಾಹವು ೧೮೬೦ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣಿನೊಡನೆ. ಆ ಕಾಲಕ್ಕೆ ಕಡಲಿನ ಎರಡು ದಡಗಳಲ್ಲಿಯೂ ಹುಬ್ಬೇರಿಸುವಂತಹ ಸಂಬಂಧವದು. ಕೌಂಡಿನ್ಯನು ೧೮೫೭ರಲ್ಲಿ ಕೊಡಗಿನ ಬಿದಿರಿನ ಸೀಮೆಯಲ್ಲಿ ಆನಂದಪುರವೆಂಬ ಊರನ್ನು ಕಟ್ಟಿ ಕಾಫಿ ತೋಟವನ್ನು ಎಬ್ಬಿಸಿದನು. ಅಲ್ಲಿ ನೆಲೆಯಾದವರಲ್ಲಿ, ಆ ಕಾಲದ ದಾಖಲೆಗಳು ಹೊಲೆಯರೆಂದು ಕರೆಯುವ, ಹುಟ್ಟುಜೀತದಿಂದ ಬಂದ ಕುಟುಂಬಗಳಿದ್ದುವು. ತೋಟದ ಒಡೆತನ ಒಡೆತನವೇ, ಅದನ್ನು ಮರೆಮಾಡುವಂತಿಲ್ಲ. ಆದರೂ ನಿನ್ನೆಯವರೆಗೆ ಮಾರಾಟಕ್ಕೆ ಒಳಗಾಗಿದ್ದ ಜನಕ್ಕೆ ಒಂದು ಊರು, ಆ ಊರಿಗೆ ಒಂದು ಹೆಸರು, ಮಕ್ಕಳಿಗೆ ಅಕ್ಷರ ಎಂಬುವು ದೊರೆತುದನ್ನು ಲೆಕ್ಕದಿಂದ ಬಿಡಲಾಗದು. ಕೌಂಡಿನ್ಯನು ೧೮೯೩ರಲ್ಲಿ ತೀರಿಕೊಂಡನು.

ಹಾಗಾದರೆ ನಮ್ಮ ಕಾಫಿ ತೋಟಗಳಲ್ಲಿ ಆಳನ್ನು ಕಟ್ಟಿಹಾಕಿದ್ದು ಏನು? ಅದಕ್ಕೆ ‘ಮುಂಗಡ’ ಎಂಬ ಒಂದೇ ಮಾತು ಸಾಕು. ದೊರೆಯು ಮೇಸ್ತ್ರಿಗೆ ಹಣ ಕೊಡುವನು. ಮೇಸ್ತ್ರಿಯು ಊರಿಗೆ ಹೋಗಿ, ಬೇಸಗೆಯ ಕಷ್ಟದಲ್ಲೋ ಮದುವೆಯ ಖರ್ಚಿನಲ್ಲೋ ಇರುವವರ ಕೈಗೆ ಹತ್ತಿಪ್ಪತ್ತು ರೂಪಾಯಿ ಇಡುವನು. ಆ ಸಾಲವು ತೀರುವವರೆಗೆ ಆಳು ತೋಟದವನು. ತಲೆಗಿಷ್ಟು ಎಂದು ಮೇಸ್ತ್ರಿಗೆ ಸಲ್ಲುವ ದಸ್ತೂರಿ ಬೇರೆ. ಜ್ವರ ಬಂದ ದಿನ ಕೂಲಿಯಿಲ್ಲ. ಕೂಲಿಯಿಲ್ಲದ ದಿನ ಸಾಲ ಬೆಳೆಯುವುದು. ಆಳು ಓಡಿಹೋದರೆ? ೧೮೫೯ರ ಹದಿಮೂರನೆಯ ಶಾಸನವಿದ್ದಿತು. ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದು. ಹಣ ತೀರಿಸು, ಇಲ್ಲವೆ ಕೆಲಸ ಮಾಡು ಎಂದು ಆಜ್ಞೆಯಾಗುವುದು. ಮೀರಿದವನಿಗೆ ಮೂರು ತಿಂಗಳವರೆಗೆ ಕಠಿಣ ಸಜೆ. ನಗರಗಳ ಕಸಬುದಾರರಿಗೆಂದು ಹುಟ್ಟಿದ ಈ ಶಾಸನವನ್ನು ದಕ್ಷಿಣದ ತೋಟದ ದೊರೆಗಳು ಬಿಗಿಯಾಗಿ ಹಿಡಿದುಕೊಂಡರು. ಇತರ ಸಾಲಗಾರರು ಸಿವಿಲ್ ಕಚೇರಿಗೆ ಹೋಗುವಾಗ ಕೂಲಿಯ ಸಾಲಗಾರನೊಬ್ಬನೇ ಸೆರೆಮನೆಗೆ ಹೋಗಬೇಕಾದುದು ಇದರ ಸೊಗಸು! ೧೯೨೫ರಲ್ಲಿ ಇದನ್ನು ರದ್ದುಮಾಡಲು ನಿಶ್ಚಯವಾಯಿತು. ತೋಟದ ಕಾರ್ಮಿಕರ ವಸತಿ, ವೈದ್ಯ, ಕೆಲಸದ ಹೊತ್ತುಗಳನ್ನು ನಿಯಮಕ್ಕೆ ಒಳಪಡಿಸಿದ ಶಾಸನವು ೧೯೫೧ರಲ್ಲಿ, ಸ್ವತಂತ್ರ ಭಾರತದಲ್ಲಿ ಬಂದಿತು.

ಡೆಮೆರಾರಕ್ಕೂ ಮಂಜರಾಬಾದಿಗೂ ಇರುವ ವ್ಯತ್ಯಾಸವನ್ನು ನಾವು ಕಡಿಮೆ ಮಾಡಿ ಹೇಳಬಾರದು. ಇಲ್ಲಿ ಮನುಷ್ಯನನ್ನು ಕೊಂಡು ತೋಟ ಮಾಡಲಿಲ್ಲ. ಕೂಲಿಯವನ ಊರು ಹಡಗಿನಾಚೆ ಇರಲಿಲ್ಲ, ಘಟ್ಟವಿಳಿದರೆ ಸಿಕ್ಕುತ್ತಿದ್ದಿತು. ದೊರೆಯ ತೋಟದ ಬೇಲಿಯಾಚೆಯೇ ಊರಿನ ಗೌಡನ ಕಾಫಿ ತೋಟವೂ ಇದ್ದಿತು. ಬೆಳೆಗಾರರಲ್ಲಿ ಎಣಿಕೆಯಿಂದ ನಮ್ಮವರೇ ಹೆಚ್ಚು. ಆದರೆ ಹೋಲಿಕೆಯನ್ನೂ ಮರೆಯಬಾರದು. ಎರಡು ಕಡೆಯೂ ತೋಟಕ್ಕೆ ಬೇಕಾದುವು ಮೂರು: ಅಗ್ಗದ ನೆಲ, ದೂರದ ಪೇಟೆ, ಬಿಟ್ಟುಹೋಗಲಾರದ ಆಳು. ಮೊದಲೆರಡು ತಾವಾಗಿ ದೊರೆಯಬಹುದು. ಮೂರನೆಯದನ್ನು ಯಾವಾಗಲೂ ಶಾಸನ ಮಾಡಿಯೇ ಒದಗಿಸಬೇಕಾಯಿತು.

ಕಬ್ಬಿನ ಬೆಳೆಗೇ ಗುಲಾಮಗಿರಿ ಅಗತ್ಯವೆಂದು ಕೆರಿಬಿಯನ್ ಒಡೆಯರು ವಾದಿಸುತ್ತಿದ್ದರು. ಆ ವಾದಕ್ಕೆ ಉತ್ತರವನ್ನು ಕೃಷ್ಣೆಯ ದಡದಲ್ಲಿ ನೋಡಬಹುದು. ಅಥಣಿ, ರಾಯಬಾಗ, ಚಿಕ್ಕೋಡಿಗಳ ರೈತರು ತಮ್ಮ ಹೊಲದ ಕಬ್ಬನ್ನು ತಮ್ಮ ಗಾಣದಲ್ಲಿ ಅರೆದು, ತಮ್ಮ ಕೊಪ್ಪರಿಗೆಯಲ್ಲಿ ಬೆಲ್ಲ ಕಾಯಿಸಿದವರು. ೧೯೩೯ರಲ್ಲಿ ಉಗಾರದಲ್ಲಿ ಸಕ್ಕರೆಯ ಕಾರ್ಖಾನೆ ಎದ್ದಾಗಲೂ ಕಬ್ಬು ರೈತನದಾಗಿಯೇ ಉಳಿಯಿತು. ಬೆಳೆ ಒಂದೇ, ಕಟ್ಟಳೆ ಬೇರೆ. ಆದರೆ ಇಲ್ಲಿಯೂ ನಾವು ನೆಮ್ಮದಿಯಿಂದ ಎದ್ದುಹೋಗುವಂತಿಲ್ಲ. ಸುಗ್ಗಿ ಬಂದಾಗ ಬೀಡ್ ಮೊದಲಾದ ಬರಗಾಲದ ಜಿಲ್ಲೆಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬೆಳಗಾವಿಯ ಕಡೆಗೂ ಬರುತ್ತವೆ. ಗಂಡಹೆಂಡಿರಿಬ್ಬರೂ ಮುಕಾದಮನಿಂದ ಮುಂಗಡ ಹಿಡಿದು ಬಂದವರು. ಜೀತವನ್ನು ನಿಷೇಧಿಸಿದ ೧೯೭೬ರ ಶಾಸನವು ಜಾರಿಯಲ್ಲಿದೆ. ಮುಂಗಡವು ಸಾಲವಾಗಿ, ಸಾಲವು ಮುಂದಿನ ಸುಗ್ಗಿಗೆ ಎಳೆದುಕೊಂಡು ಹೋಗುವ ಕ್ರಮವು ಅಳಿದಿಲ್ಲ.

೨೦೨೩ನೆಯ ಆಗಸ್ಟಿನಲ್ಲಿ ಜಾನ್ ಗ್ಲಾಡ್‌ಸ್ಟನ್ನನ ವಂಶದವರು ಗಯಾನಕ್ಕೆ ಹೋಗಿ, ತಮ್ಮ ಪೂರ್ವಿಕನು ಮಾಡಿದುದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. ದಂಗೆಯಾಗಿ ಸರಿಯಾಗಿ ಇನ್ನೂರು ವರ್ಷ. ಕೇಳಿದವರಲ್ಲಿ ಆಫ್ರಿಕದ ಗುಲಾಮರ ಸಂತತಿಯವರೂ ನಮ್ಮ ದೇಶದ ಗಿರಮಿಟ್ಟಿನವರ ಸಂತತಿಯವರೂ ಇದ್ದರು. ಕ್ಷಮೆ ಸಾಲದೆಂದು ಕೆಲವರು ಅಂದರು, ಅದೂ ನ್ಯಾಯವೇ. ಚರಿತ್ರೆಯ ಕೆಲಸ ದೊರೆಗಳನ್ನು ಹೊಗಳುವುದೂ ಅಲ್ಲ, ಶಪಿಸುವುದೂ ಅಲ್ಲ. ಎಲಿಯಟ್ಟನಿಗೆ ಅವನ ನೆರಳಿನ ವಿವೇಕದ ಕೀರ್ತಿಯನ್ನು ಕೊಡೋಣ. ಗೋಣಿಮರದ ಹೆಸರನ್ನು ಹೇಳಿಕೊಟ್ಟವನಿಗೂ, ಆ ಮರದ ಕೆಳಗೆ ಬುಟ್ಟಿ ಹಿಡಿದು ಹಣ್ಣು ಕೊಯ್ದವಳಿಗೂ ಅವರ ಪಾಲನ್ನು ಕೊಡೋಣ. ಬೆಳಗಿನ ಕಾಫಿಯ ಬಟ್ಟಲಿನಲ್ಲಿ ಕಾಫಿಯೂ ಸಕ್ಕರೆಯೂ ಕೂಡಿರುವಂತೆ, ಈ ಎರಡು ಲೆಕ್ಕಗಳೂ ಒಂದೇ ಪುಸ್ತಕದಲ್ಲಿ ಕೂಡಿರಬೇಕು.